ಸೂಪರ್ ಮಾರ್ಕೆಟ್ಟಿನ ಕ್ರೋಸಾಂಟ್: ಬೆಣ್ಣೆ ಎಷ್ಟು, ಬರೀ ಹೆಸರೆಷ್ಟು?



ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ – ನೀವು ಯಾವ ಊರಿನಲ್ಲಿದ್ದರೂ ಸರಿ, ದೊಡ್ಡ ಸೂಪರ್ ಮಾರ್ಕೆಟ್ಟಿನ ಬೇಕರಿ ಮೂಲೆಯಲ್ಲಿ ಹೊಂಬಣ್ಣದ, ಪದರಪದರವಾದ, ತುಸು ಬಾಗಿದ ಒಂದು ತಿನಿಸನ್ನು ನೋಡಿಯೇ ಇರುತ್ತೀರಿ. ಅದೇ ಕ್ರೋಸಾಂಟ್. ಫ್ರೆಂಚರ ಬಾಯಲ್ಲಿ ಅದು ಹೆಚ್ಚುಕಡಿಮೆ 'ಕ್ರ್ವಾಸಾಂ'. ಹೇಗೆ ಕೇಳಿದರೂ ಅಂಗಡಿಯವರು ಕೊಡುತ್ತಾರೆ, ಉಚ್ಚಾರಣೆಯ ಚಿಂತೆ ಬೇಡ.

ಯೋಚಿಸಬೇಕಾದ ವಿಷಯ ಬೇರೆ ಇದೆ. ಕ್ರೋಸಾಂಟ್ ಅಂದರೆ ಬೆಣ್ಣೆಯ ತಿನಿಸು. ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಆದರೆ ನಾವು ದುಡ್ಡು ಕೊಟ್ಟು ಮನೆಗೆ ತರುವುದರಲ್ಲಿ ನಿಜವಾಗಿ ಬೆಣ್ಣೆ ಇದೆಯೇ? ಇದ್ದರೆ ಎಷ್ಟು? ತಂದದ್ದು ಸಂಜೆಯ ಹೊತ್ತಿಗೆ ಯಾಕೆ ಮೆತ್ತಗೆ ರಬ್ಬರಿನಂತಾಗುತ್ತದೆ? ಅದನ್ನು ಮತ್ತೆ ಗರಿಗರಿ ಮಾಡುವುದು ಹೇಗೆ? ಈ ಸಂಚಿಕೆಯಲ್ಲಿ ಇದನ್ನೇ ನೋಡೋಣ.

ವಿಯೆನ್ನಾದಿಂದ ಪ್ಯಾರಿಸ್ಸಿಗೆ

ಫ್ರೆಂಚ್ ತಿಂಡಿ ಎಂದೇ ಹೆಸರಾದ ಕ್ರೋಸಾಂಟಿನ ತವರು ಆಸ್ಟ್ರಿಯಾದ ವಿಯೆನ್ನಾ. ಅಲ್ಲಿ 'ಕಿಪ್ಫರ್ಲ್' ಎಂಬ ಅರ್ಧಚಂದ್ರಾಕಾರದ ಬ್ರೆಡ್ಡು ಶತಮಾನಗಳಿಂದ ಇತ್ತು. 1683ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿ ಸೋತಾಗ, ಅವರ ಬಾವುಟದ ಚಂದ್ರನನ್ನು ಅಣಕಿಸಲು ಬೇಕರಿಯವರು ಇದನ್ನು ಮಾಡಿದರು ಎಂಬ ಕತೆ ಬಹಳ ಜನಪ್ರಿಯ. ಕತೆ ಸೊಗಸಾಗಿದೆ, ಆದರೆ ಅದಕ್ಕೆ ಆ ಕಾಲದ ದಾಖಲೆಯ ಆಧಾರವಿಲ್ಲ.

ದಾಖಲೆ ಇರುವುದು ಆಗಸ್ಟ್ ಜಾಂಗ್ ಎಂಬಾತನ ಬಗ್ಗೆ. ಆಸ್ಟ್ರಿಯಾದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಈತ 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ರಿಶಲ್ಯೂ ರಸ್ತೆಯಲ್ಲಿ ಒಂದು ವಿಯೆನ್ನಾ ಬೇಕರಿ ತೆರೆದ. ಪ್ಯಾರಿಸ್ಸಿನ ಜನ ಮುಗಿಬಿದ್ದರು, ಉಳಿದ ಬೇಕರಿಗಳು ನಕಲು ಮಾಡಿದವು. ಇಂದಿಗೂ ಫ್ರೆಂಚರು ಇಂಥ ತಿನಿಸುಗಳನ್ನೆಲ್ಲ ಒಟ್ಟಾಗಿ 'ವಿಯೆನ್ವಾಸರಿ', ಅಂದರೆ ವಿಯೆನ್ನಾದ್ದು ಎಂದೇ ಕರೆಯುತ್ತಾರೆ. ಜಾಂಗ್ ಆಮೇಲೆ ವಿಯೆನ್ನಾಕ್ಕೆ ಮರಳಿ 1848ರಲ್ಲಿ 'ದೀ ಪ್ರೆಸ್ಸೆ' ಎಂಬ ಪತ್ರಿಕೆ ಆರಂಭಿಸಿದ. ಬೇಕರಿಯಿಂದ ಪತ್ರಿಕೋದ್ಯಮಕ್ಕೆ ಹಾರಿದವರು ಬಹಳ ಮಂದಿ ಇರಲಾರರು!

ಈಗ ನಾವು ನೋಡುವ ಪದರಪದರದ ಕ್ರೋಸಾಂಟ್ ರೂಪುಗೊಂಡದ್ದು ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ, ಫ್ರಾನ್ಸಿನಲ್ಲಿ. ಅಂದಹಾಗೆ, 'ಕ್ರ್ವಾಸಾಂ' ಎಂದರೆ ಫ್ರೆಂಚಿನಲ್ಲಿ 'ಬೆಳೆಯುತ್ತಿರುವ' ಎಂದರ್ಥ. ಶುಕ್ಲಪಕ್ಷದ ನಮ್ಮ ಬಿದಿಗೆ ಚಂದ್ರ ಅಂದುಕೊಳ್ಳಿ.

ಚಿರೋಟಿ ಗೊತ್ತಿದ್ದವರಿಗೆ ಇದೂ ಗೊತ್ತು

ಮದುವೆ ಮನೆಯ ಚಿರೋಟಿಯನ್ನು ನೆನಪಿಸಿಕೊಳ್ಳಿ. ತೆಳುವಾಗಿ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಕಲಸಿದ ಸಾಟಿ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುತ್ತಾರೆ. ಸಾಟಿಯ ಜಿಡ್ಡು ಹಾಳೆಗಳು ಒಂದಕ್ಕೊಂದು ಅಂಟದಂತೆ ತಡೆಯುವುದರಿಂದ ಎಣ್ಣೆಯಲ್ಲಿ ಅದು ಹೂವಿನಂತೆ ಬಿಚ್ಚಿಕೊಳ್ಳುತ್ತದೆ.

ಕ್ರೋಸಾಂಟಿನ ಗುಟ್ಟೂ ಇದೇ. ಮೈದಾ, ಹಾಲು ಅಥವಾ ನೀರು, ಸಕ್ಕರೆ, ಉಪ್ಪು, ಈಸ್ಟ್ ಹಾಕಿ ಕಲಸಿದ ಹಿಟ್ಟಿನ ನಡುವೆ ತಣ್ಣನೆಯ ಬೆಣ್ಣೆಯ ಹಲಗೆಯನ್ನಿಟ್ಟು ಲಟ್ಟಿಸುತ್ತಾರೆ. ಮೂರು ಮಡಿಕೆ ಮಾಡಿ ಮತ್ತೆ ಲಟ್ಟಿಸುತ್ತಾರೆ. ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯ ಪದರಗಳು ಮೂರು ಮೂರಲಿ ಒಂಬತ್ತು, ಒಂಬತ್ತು ಮೂರಲಿ 27. ಓವನ್ನಿನ ಶಾಖಕ್ಕೆ ಬೆಣ್ಣೆಯೊಳಗಿನ ನೀರು ಆವಿಯಾಗಿ ಪ್ರತಿ ಪದರವನ್ನೂ ಮೇಲೆತ್ತುತ್ತದೆ, ಈಸ್ಟ್ ಒಳಗಿನಿಂದ ಉಬ್ಬಿಸುತ್ತದೆ. ಮುಂಬೈಯ ಇರಾನಿ ಚಹಾದ ಜೊತೆಗಿನ ಖಾರಿ, ನಮ್ಮ ಬೇಕರಿಗಳ ಪಫ್ಸ್ ಕೂಡ ಪದರದ ಕುಲದವೇ. ಆದರೆ ಅವುಗಳಲ್ಲಿ ಈಸ್ಟ್ ಇಲ್ಲ. ಆದ್ದರಿಂದ ಅವು ಪುಡಿಪುಡಿಯಾಗುತ್ತವೆ, ಕ್ರೋಸಾಂಟ್ ಮಾತ್ರ ಹೊರಗೆ ಗರಿಗರಿ, ಒಳಗೆ ಮೃದು.

ಬೆಣ್ಣೆಯ ಜಾಗಕ್ಕೆ ಬಂದದ್ದು

ಕಷ್ಟ ಇರುವುದು ಬೆಣ್ಣೆಯ ಸ್ವಭಾವದಲ್ಲಿ. ತೀರಾ ತಣ್ಣಗಿದ್ದರೆ ಲಟ್ಟಿಸುವಾಗ ಒಡೆದುಹೋಗುತ್ತದೆ. ಸ್ವಲ್ಪ ಬೆಚ್ಚಗಾದರೆ ಹಿಟ್ಟಿನೊಳಗೆ ಇಂಗಿ ಪದರವೇ ಉಳಿಯುವುದಿಲ್ಲ. ಚೆನ್ನೈನ ಮೇ ತಿಂಗಳಿನಲ್ಲಿ ತಂಪು ಕೋಣೆಯಿಲ್ಲದೆ ಬೆಣ್ಣೆ ಕ್ರೋಸಾಂಟ್ ಮಾಡುವುದು ಆಗದ ಮಾತು. ಜೊತೆಗೆ ಬೆಣ್ಣೆ ದುಬಾರಿ.

ಹೀಗಾಗಿ ಅನೇಕ ತಯಾರಕರು ಮಾರ್ಗರಿನ್ ಅಥವಾ ವನಸ್ಪತಿ ಜಾತಿಯ ಜಿಡ್ಡು ಬಳಸುತ್ತಾರೆ. ಮಾರ್ಗರಿನ್ ಕಂಡುಹಿಡಿದವರೂ ಫ್ರೆಂಚರೇ – 1869ರಲ್ಲಿ ಇಪೊಲಿತ್ ಮೇಜ್-ಮೂರಿಯೇ ಎಂಬಾತ. ಪದರದ ಕೆಲಸಕ್ಕೆಂದೇ ಮಾಡಿದ ಮಾರ್ಗರಿನ್ ಬೇಗ ಕರಗುವುದಿಲ್ಲ, ಯಂತ್ರದಲ್ಲಿ ಸಲೀಸಾಗಿ ಹರಡುತ್ತದೆ, ಬೆಲೆಯೂ ಕಡಿಮೆ. ಆದರೆ ಬೇಕರಿಯವರಿಗೆ ಅನುಕೂಲವಾದ ಇದೇ ಗುಣ ತಿನ್ನುವವರಿಗೆ ಅನನುಕೂಲ. ಬೆಣ್ಣೆ ನಮ್ಮ ಮೈಯ ಬಿಸಿಗಿಂತ ಕಡಿಮೆ ಶಾಖದಲ್ಲೇ ಕರಗುವುದರಿಂದ ಬಾಯಲ್ಲಿಟ್ಟ ಕೂಡಲೇ ಮಾಯವಾಗುತ್ತದೆ. ಗಟ್ಟಿ ಜಿಡ್ಡು ಹಾಗಲ್ಲ, ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ.

ಫ್ರಾನ್ಸಿನಲ್ಲಿ ಎರಡೂ ಬಗೆ ಮಾರಾಟವಾಗುತ್ತವೆ. ಬೆಣ್ಣೆಯದಕ್ಕೆ ಹೆಸರು 'ಕ್ರ್ವಾಸಾಂ ಓ ಬ್ಯೂರ್', ಮಾರ್ಗರಿನ್‌ನದು 'ಓರ್ದಿನೇರ್', ಅಂದರೆ ಸಾಧಾರಣ. ಬೆಣ್ಣೆಯದು ನೇರವಾಗಿ, ಸಾಧಾರಣದ್ದು ಚಂದ್ರನಂತೆ ಬಾಗಿ ಇರುವುದು ಅಲ್ಲಿನ ರೂಢಿ. ಇದು ಕಾನೂನಲ್ಲ, ಬರೀ ರೂಢಿ. ನಮ್ಮಲ್ಲಿ ಈ ರೂಢಿ ಇಲ್ಲದ್ದರಿಂದ ಆಕಾರ ನೋಡಿ ಏನನ್ನೂ ಹೇಳುವಂತಿಲ್ಲ. ಪೊಟ್ಟಣವನ್ನೇ ಓದಬೇಕು.

ಪೊಟ್ಟಣ ಓದುವ ಬಗೆ

ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕ್ರೋಸಾಂಟ್ ಸಿಗುತ್ತದೆ. ತಿಂಗಳುಗಟ್ಟಲೆ ಇಡಬಹುದಾದ, ಒಳಗೆ ಚಾಕೊಲೇಟ್ ಅಥವಾ ಕ್ರೀಮ್ ತುಂಬಿದ ಸೀಲು ಪೊಟ್ಟಣದ್ದು ಒಂದು. ಬೇರೆಡೆ ತಯಾರಾಗಿ ಫ್ರೀಜ಼್ ಆಗಿ ಬಂದ ಹಿಟ್ಟನ್ನು ಅಂಗಡಿಯ ಓವನ್ನಿನಲ್ಲೇ ಬೇಯಿಸಿದ್ದು ಇನ್ನೊಂದು. ಮನೆಗೆ ಒಯ್ದು ನೀವೇ ಬೇಯಿಸುವ ಫ್ರೀಜ಼ರ್ ಪೊಟ್ಟಣ ಮೂರನೆಯದು. ಫ್ರೀಜ಼್ ಆದದ್ದು ಎಂದು ಮೂಗು ಮುರಿಯಬೇಡಿ. ಒಳ್ಳೆಯ ಬೆಣ್ಣೆ ಹಾಕಿದ ಫ್ರೀಜ಼್ ಹಿಟ್ಟು ಅಂದೇ ಬೆಂದರೆ, ಎರಡು ದಿನದ ಹಿಂದಿನ 'ತಾಜಾ' ಕ್ರೋಸಾಂಟಿಗಿಂತ ಎಷ್ಟೋ ಮೇಲು.

ಪೊಟ್ಟಣದ ಮೇಲೆ ನೋಡಬೇಕಾದ್ದು ನಾಲ್ಕು.

ಒಂದು, ಪದಾರ್ಥಗಳ ಪಟ್ಟಿ. ನಮ್ಮ ದೇಶದ ನಿಯಮದ ಪ್ರಕಾರ ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕು. ಮೈದಾದ ಬೆನ್ನಿಗೇ ಬೆಣ್ಣೆ ಇದ್ದರೆ ಒಳ್ಳೆಯದು. ಪಾಮ್ ಎಣ್ಣೆ, ಮಾರ್ಗರಿನ್, 'ಇಂಟರೆಸ್ಟರಿಫೈಡ್ ವೆಜಿಟೇಬಲ್ ಫ್ಯಾಟ್' ಎಂದು ಮೊದಲು ಬಂದು ಬೆಣ್ಣೆ ಎಲ್ಲೋ ಬಾಲದಲ್ಲಿದ್ದರೆ ಅದು ಹೆಸರಿಗಷ್ಟೇ ಬೆಣ್ಣೆ.

ಎರಡು, ಶೇಕಡಾವಾರು. ಹೊದಿಕೆಯ ಮೇಲೆ ಬೆಣ್ಣೆಯ ಮಾತನ್ನೋ ಚಿತ್ರವನ್ನೋ ಎತ್ತಿ ತೋರಿಸಿದ್ದರೆ, ಅದು ಶೇಕಡಾ ಎಷ್ಟಿದೆ ಎಂದೂ ಬರೆಯಬೇಕು. ಸಾಂಪ್ರದಾಯಿಕ ಪಾಕದಲ್ಲಿ 500 ಗ್ರಾಂ ಮೈದಾಕ್ಕೆ ಸುಮಾರು 250 ಗ್ರಾಂ ಬೆಣ್ಣೆ ಬೀಳುತ್ತದೆ. ಅಂದರೆ ಹಿಟ್ಟಿನ ಒಟ್ಟು ತೂಕದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು. ಪೊಟ್ಟಣದಲ್ಲಿ ಶೇ. 20ರ ಆಸುಪಾಸು ಇದ್ದರೆ ಬೆಲೆ ಕೊಡಬಹುದು. ಶೇ. 2 ಎಂದಿದ್ದರೆ ನೀವೇ ಯೋಚಿಸಿ.

ಮೂರು, ಟ್ರಾನ್ಸ್ ಕೊಬ್ಬು. ಇದು ಹೃದಯಕ್ಕೆ ಕೆಟ್ಟದ್ದು. ಎಣ್ಣೆ, ಜಿಡ್ಡುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದು ಎಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ತಂದಿದೆ. ಪರಿಸ್ಥಿತಿ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ.

ನಾಲ್ಕು, ಹಸಿರು ಗುರುತು. ಹೊಳಪಿಗಾಗಿ ಕ್ರೋಸಾಂಟಿನ ಮೇಲೆ ಮೊಟ್ಟೆ ಸವರುವುದು ಸಾಮಾನ್ಯ ಪದ್ಧತಿ. ಮೊಟ್ಟೆ ತಿನ್ನದ ಮನೆಯವರು ಹಸಿರು ಚುಕ್ಕೆ ಇದೆಯೇ ನೋಡಿಕೊಳ್ಳಲೇಬೇಕು. ಬಿಡಿಯಾಗಿ ಕೊಳ್ಳುವಾಗ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ: ಮೊಟ್ಟೆ ಇದೆಯೇ? ಬೆಣ್ಣೆಯೋ ಮಾರ್ಗರಿನ್ನೋ? ಇವತ್ತು ಎಷ್ಟು ಗಂಟೆಗೆ ಓವನ್ನಿನಿಂದ ತೆಗೆದಿರಿ? ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು.

ಕಣ್ಣು, ಕೈ, ಮೂಗು

ಒಳ್ಳೆಯ ಕ್ರೋಸಾಂಟ್ ಗಾತ್ರಕ್ಕೆ ಹೋಲಿಸಿದರೆ ಹಗುರ. ಬಣ್ಣ ಕಡು ಹೊನ್ನಿನದು. ಬಿಳಚಿಕೊಂಡಿದ್ದರೆ ಸರಿಯಾಗಿ ಬೆಂದಿಲ್ಲ. ಪಕ್ಕದಿಂದ ನೋಡಿದರೆ ಪದರಗಳನ್ನು ಬಿಡಿಬಿಡಿಯಾಗಿ ಎಣಿಸುವಂತಿರಬೇಕು. ಕೊಯ್ದರೆ ಒಳಗೆ ಜೇನುಗೂಡಿನಂಥ ಗೂಡುಗಳು ಕಾಣಬೇಕು. ಬ್ರೆಡ್ಡಿನಂತೆ ಒತ್ತೊತ್ತಾಗಿದ್ದರೆ ಪದರ ಕೂಡಿಕೊಂಡಿವೆ ಎಂದರ್ಥ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಒಳಗೆ ನೀರಿನ ಹನಿ ಕಂಡರೆ ಬಿಡಿ. ಬಿಸಿಯಿರುವಾಗಲೇ ತುಂಬಿದ್ದಾರೆ, ಮೇಲಿನ ಗರಿ ಅಲ್ಲೇ ಸತ್ತಿದೆ.

ಐದು ನಿಮಿಷದ ಶಾಖ

ಬ್ರೆಡ್ಡು ಒಣಗಿ ಹಳತಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಅದು ಅರ್ಧಸತ್ಯ. ನೀರು ಆರದಂತೆ ಮುಚ್ಚಿಟ್ಟರೂ ಬ್ರೆಡ್ಡು ಹಳತಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೃದುವಾಗುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಬೂಸ್ಸಾಂಗೋ 1852ರಲ್ಲೇ ತೋರಿಸಿದ್ದ. ಬೆಂದಾಗ ಮೆತ್ತಗಾದ ಪಿಷ್ಟ ಆರುತ್ತಾ ಮತ್ತೆ ಗಟ್ಟಿಕಟ್ಟುವುದೇ ಇದಕ್ಕೆ ಕಾರಣ. ಅದೇ ವೇಳೆ ಒಳಗಿನ ತೇವ ಹೊರಪದರಕ್ಕೆ ಸರಿದು ಗರಿಯನ್ನು ಮೆತ್ತಗೆ ಮಾಡುತ್ತದೆ. ಪಿಷ್ಟ ಗಟ್ಟಿಕಟ್ಟುವುದು ಫ್ರಿಜ್ಜಿನ ತಂಪಿನಲ್ಲಿ ಬಲು ಬೇಗ. ಆದ್ದರಿಂದ ಸಾದಾ ಕ್ರೋಸಾಂಟನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಅಂದು ತಿನ್ನುವುದಿದ್ದರೆ ಹೊರಗೇ ಇರಲಿ. ಉಳಿಯುವುದಿದ್ದರೆ ತಂದ ದಿನವೇ ಬಿಗಿಯಾಗಿ ಸುತ್ತಿ ಫ್ರೀಜ಼ರಿಗೆ ಹಾಕಿ.

ಬಿಸಿ ಮಾಡುವ ಕ್ರಮ ಹೀಗೆ:

ಓವನ್ ಇದ್ದರೆ: ಮೊದಲೇ 160 ಡಿಗ್ರಿಗೆ ಕಾಯಿಸಿ, ಐದಾರು ನಿಮಿಷ ಇಡಿ. ಫ್ರೀಜ಼ರಿನಿಂದ ನೇರ ತೆಗೆದದ್ದಾದರೆ ಎಂಟು–ಹತ್ತು ನಿಮಿಷ.

ಏರ್ ಫ್ರೈಯರ್ ಇದ್ದರೆ: 150–160 ಡಿಗ್ರಿಯಲ್ಲಿ ಮೂರು–ನಾಲ್ಕು ನಿಮಿಷ ಸಾಕು.

ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಬರೀ ಒಲೆ ಇದ್ದರೆ: ದಪ್ಪ ತಳದ ಬಾಣಲೆಯೊಳಗೆ ಚಿಕ್ಕ ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ, ತಟ್ಟೆಯಲ್ಲಿ ಕ್ರೋಸಾಂಟ್ ಇಟ್ಟು ಅದರ ಮೇಲಿಡಿ. ಮುಚ್ಚಳವನ್ನು ಸ್ವಲ್ಪ ಓರೆಯಾಗಿಯೇ ಇರಿಸಿ. ಪೂರ್ತಿ ಮುಚ್ಚಿದರೆ ಆವಿ ನಿಂತು ಮತ್ತೆ ಮೆತ್ತಗಾಗುತ್ತದೆ. ಆಗಾಗ ತಳ ನೋಡುತ್ತಿರಿ.

ಮೈಕ್ರೋವೇವ್ ಮಾತ್ರ ಬೇಡ. ಒಂದು ನಿಮಿಷ ಮೃದು, ಮರುನಿಮಿಷ ರಬ್ಬರು.

ಬಿಸಿ ಮಾಡಿದ ಮೇಲೆ ಜಾಲರಿಯ ಮೇಲೆ ಎರಡು–ಮೂರು ನಿಮಿಷ ಆರಲು ಬಿಡಿ, ಗರಿ ಬರುವುದು ಆಗಲೇ. ಎರಡನೇ ಸಲ ಬಿಸಿ ಮಾಡಬೇಡಿ, ಒಣಗಿಹೋಗುತ್ತದೆ. ಸೀಲು ಪೊಟ್ಟಣದ ಕ್ರೋಸಾಂಟ್ ಮೆತ್ತಗಿರಲೆಂದೇ ತಯಾರಾದದ್ದು. ಅದರಿಂದ ಗರಿಯನ್ನು ನಿರೀಕ್ಷಿಸಬೇಡಿ, ಸಿಹಿ ಬನ್ ಎಂದುಕೊಂಡು ತಿನ್ನಿ.

ಏನಿನ ಜೊತೆ?

ಬೆಣ್ಣೆಯ ಕ್ರೋಸಾಂಟಿಗೆ ಮತ್ತೆ ಬೆಣ್ಣೆ ಸವರುವುದು ಬೇಡ, ಹಾಗೇ ತಿನ್ನಿ. ಫ್ರೆಂಚರು ಹಾಲು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ನಮ್ಮ ಫಿಲ್ಟರ್ ಕಾಫಿಯ ಲೋಟ ಇದಕ್ಕೆ ಹೇಳಿ ಮಾಡಿಸಿದ್ದು! ಕಾಫಿಗೆ ಸಕ್ಕರೆ ತುಸು ಕಡಿಮೆ ಇರಲಿ. ಮಾರ್ಗರಿನ್‌ನದಾದರೆ ಜಿಡ್ಡನ್ನು ಮುರಿಯಲು ಹುಳಿ ಬೇಕು. ಹುಳಿ ಮುಂದಾದ ಜಾಮ್, ಅಥವಾ ಟೊಮೆಟೊ ಮತ್ತು ಚೀಸ್ ಒಳಗಿಟ್ಟು ಬಿಸಿ ಮಾಡಿ.

ನಿನ್ನೆಯದು ಉಳಿದಿದೆಯೇ? ಫ್ರೆಂಚ್ ಬೇಕರಿಯವರು ಉಳಿದ ಕ್ರೋಸಾಂಟನ್ನು ಸೀಳಿ, ಪಾಕ ಸವರಿ, ಬಾದಾಮಿ ಹೂರಣ ತುಂಬಿ ಮತ್ತೆ ಬೇಯಿಸಿ ಬಾದಾಮಿ ಕ್ರೋಸಾಂಟ್ ಮಾಡುತ್ತಾರೆ. ಹೈದರಾಬಾದಿನ ಶ್ರೋತೃಗಳು ಡಬಲ್ ಕಾ ಮೀಠಾಕ್ಕೆ ಬ್ರೆಡ್ಡಿನ ಬದಲು ಇದನ್ನೇ ಹಾಕಿ ನೋಡಬಹುದು. ಮೊದಲೇ ಜಿಡ್ಡಿರುವುದರಿಂದ ಕರಿಯುವುದು ಬೇಡ, ಓವನ್ನಿನಲ್ಲಿ ಒಣಗಿಸಿದರೆ ಸಾಕು.

ಕೊನೆಗೊಂದು ಮಾತು

ಮಧ್ಯಮ ಗಾತ್ರದ, 57 ಗ್ರಾಂ ತೂಗುವ ಒಂದು ಬೆಣ್ಣೆ ಕ್ರೋಸಾಂಟಿನಲ್ಲಿ ಸುಮಾರು 230 ಕ್ಯಾಲೊರಿ, 12 ಗ್ರಾಂ ಕೊಬ್ಬು ಇರುತ್ತದೆ. ಅದರಲ್ಲಿ ಆರೂವರೆ ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಒಂದೇ ಕ್ರೋಸಾಂಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮುಗಿಯಿತು! ಆದ್ದರಿಂದ ಮಕ್ಕಳ ಟಿಫಿನ್ ಡಬ್ಬಿಗೆ ದಿನವೂ ಪೊಟ್ಟಣದ ಕ್ರೋಸಾಂಟ್ ಹಾಕುವ ಅಭ್ಯಾಸ ಬೇಡ. ಅವಲಕ್ಕಿ, ಚಪಾತಿ, ಇಡ್ಲಿಗಳ ಜಾಗ ಅವಕ್ಕೇ ಇರಲಿ.

ಚಿರೋಟಿಯನ್ನು ನಾವು ದಿನಾ ತಿನ್ನುವುದಿಲ್ಲ. ತಿಂದಾಗ ಒಳ್ಳೆಯದನ್ನೇ ತಿನ್ನುತ್ತೇವೆ. ಕ್ರೋಸಾಂಟಿಗೂ ಅದೇ ನ್ಯಾಯ ಸಾಕು. ವಾರಕ್ಕೆ ನಾಲ್ಕು ಸಾಧಾರಣದ್ದರ ದುಡ್ಡಿನಲ್ಲಿ ಭಾನುವಾರಕ್ಕೆ ಒಂದೆರಡು ನಿಜವಾದ ಬೆಣ್ಣೆಯದು ತನ್ನಿ. ಐದು ನಿಮಿಷ ಬಿಸಿ ಮಾಡಿ, ಕಾಫಿ ಇಳಿಸಿ, ರೇಡಿಯೋ ಹಚ್ಚಿ ಕೂತು ತಿನ್ನಿ.