ಸೂಜಿಗೊಂದು ಡಬ್ಬಿ

ನನಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆಮೇಲೆ ಸೂಜಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿಬಿಡುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆ ಹೆಬ್ಬೆರಳು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಬಟ್ಟೆಯ ಕೈಗವಸಿನ ಮೇಲೆ ಒಂದು ಚುಕ್ಕಿ ರಕ್ತ.

"ತಾತ, ಈ ಸೂಜಿ ನಿಮ್ಮನೇದಾ?"

ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ನಲ್ಲಿಯ ನೀರು ಬಿಟ್ಟು ಸೋಪಿನಲ್ಲಿ ಕೈ ತೊಳೆಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಗಾಯವನ್ನು ಹಿಂಡಬಾರದು, ಬಾಯಿಂದ ಚೀಪಬಾರದು ಎಂದರು ಡಾಕ್ಟರು. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಎಚ್‌ಐವಿಯಂಥ ಸೋಂಕು ಹರಡಬಹುದಂತೆ. ನನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆ. ಏನೂ ಇಲ್ಲ ಎಂಬ ವರದಿ ಬರುವ ತನಕ ನನಗೆ ನಿದ್ದೆಯಿಲ್ಲ.

ಅದೇ ದಿನಗಳಲ್ಲಿ, 2025ರ ಜನವರಿಯಲ್ಲಿ, ಪತ್ರಿಕೆಯಲ್ಲಿ ಭೋಪಾಲದ ಸುದ್ದಿ ಬಂತು. ಮಕ್ಕಳೇ, ಅಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ನಿಮ್ಮ ಅಜ್ಜ-ಅಜ್ಜಿಯರಿಗೆ ಆ ಸುದ್ದಿ ನೆನಪಿರುತ್ತದೆ, ಕೇಳಿ ನೋಡಿ. ಕಾರ್ಖಾನೆಯ ವಿಷದ ಕಸ 40 ವರ್ಷ ಅಲ್ಲೇ ಬಿದ್ದಿತ್ತು. ಕೊನೆಗೆ ಸುಮಾರು 337 ಟನ್ ಕಸವನ್ನು 12 ಕಂಟೇನರ್‌ಗಳಲ್ಲಿ ತುಂಬಿ, 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಸುಡಲು ಕಳಿಸಿದರು. (ನಮ್ಮೂರಿಗೆ ಬೇಡ ಎಂದು ಅಲ್ಲಿನವರು ಬೀದಿಗಿಳಿದರು. ಅದು ಬೇರೆಯೇ ಕಥೆ.)

ಮೊಮ್ಮಗಳಿಗೆ ಹಿಡಿಸಿದ್ದು ಒಂದೇ ಸಾಲು. ಕಸ ತುಂಬಿದ ಸುಮಾರು 100 ಜನರಿಗೆ ಅರ್ಧ ಗಂಟೆಯ ಪಾಳಿ, ಆಮೇಲೆ ವಿಶ್ರಾಂತಿ.

"ಅಷ್ಟೇ ಹೊತ್ತು ಯಾಕೆ ತಾತ?"

ಮೈತುಂಬ ಮುಚ್ಚುವ ಆ ಉಡುಪಿನೊಳಗೆ ಬೆವರು ಆರುವುದಿಲ್ಲ, ಮೈ ಕಾಯುತ್ತದೆ, ದಣಿದ ಕೈ ತಪ್ಪು ಮಾಡುತ್ತದೆ ಎಂದೆ. ವಿಷದ ಹತ್ತಿರ ಕಡಿಮೆ ಹೊತ್ತು ಇದ್ದಷ್ಟೂ ಒಳ್ಳೆಯದು.

ಅವಳು ಸ್ವಲ್ಪ ಯೋಚಿಸಿದಳು. "ಚೀಲದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಸದ ಆಂಟಿಗೆ ಯಾರು ಹೇಳಿದ್ರು?"

ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಮ್ಮನೆಯಲ್ಲಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಸೂಜಿ ಅದರೊಳಗೇ ಬೀಳಬೇಕು. ಮುಕ್ಕಾಲು ತುಂಬಿದೊಡನೆ ಮುಚ್ಚಳಕ್ಕೆ ಟೇಪು ಸುತ್ತುತ್ತೇನೆ. ಮೇಲೆ 'ಸೂಜಿ ಇದೆ, ಎಚ್ಚರ' ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆಯುವುದು ಮೊಮ್ಮಗಳ ಕೆಲಸ. ಹಾಳಾದ ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ, ಅದನ್ನು ಒಡೆಯದೆ ರಟ್ಟಿನ ಕವಚದಲ್ಲೇ ಇಡುತ್ತೇವೆ. ಹಳೇ ಮಾತ್ರೆ, ಪೇಂಟ್ ಡಬ್ಬಿಗಳಿಗೂ ಬೇರೆ ಚೀಲ. ಯಾವುದನ್ನೂ ಗೇಟಿನ ಹೊರಗೆ ಇಟ್ಟು ಬರುವುದಿಲ್ಲ. ಒಳಗೇನಿದೆ ಎಂದು ಬಾಯಲ್ಲಿ ಹೇಳಿಯೇ ಕೈಗೆ ಕೊಡುತ್ತೇವೆ.

ಗಾಡಿಯ ಹಾಡು ಕೇಳಿದರೆ ಮೊಮ್ಮಗಳು ನನಗಿಂತ ಮೊದಲು ಗೇಟಿಗೆ ಓಡುತ್ತಾಳೆ. ಅಲ್ಲಿಂದ ಅವರ ಕೂಗು: "ತಾತ, ಇವತ್ತು ಸೂಜಿ ಡಬ್ಬಿ ಇದ್ಯಾ?"