ಎರೆ ಮಣ್ಣಿನ ಹಿತ್ತಲಿಗೆ ಬೇರೆಯದೇ ಪಂಚಾಂಗ

ಕಲಬುರಗಿಯ ತಾಜಸುಲ್ತಾನಪುರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರು ಗೃಹಪ್ರವೇಶ ಮುಗಿದ ಕೂಡಲೇ ಹಿತ್ತಲಿಗೆ ಕೈ ಹಾಕುತ್ತಾರೆ. ಬೆಂಗಳೂರಿನ ಟೆರೇಸ್ ತೋಟದ ವಿಡಿಯೊ ನೋಡಿ ಫೆಬ್ರವರಿ ಕೊನೆಗೆ ಟೊಮೆಟೊ ಅಗಿ ಹಚ್ಚುತ್ತಾರೆ. ಏಪ್ರಿಲ್‌ನಲ್ಲಿ ಗಿಡದ ತುಂಬ ಹೂವು ಬರುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಬೀಜ ಖೊಟ್ಟಿ ಎಂದು ಅಂಗಡಿಯವರನ್ನು ದೂರುವ ಮೊದಲು ಊರಿನ ಹವೆ ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24-25ಕ್ಕಿಂತ ಕೆಳಗೆ ಇಳಿಯದೆ ಇದ್ದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಪ್ರತಿವರ್ಷದ ಮಾತು.

ಅದಕ್ಕೇ ಈ ಭಾಗದ ಹಿತ್ತಲಿಗೆ ತನ್ನದೇ ಲೆಕ್ಕ ಬೇಕು. ರೋಹಿಣಿಯಲ್ಲಿ ಮಡಿ ತಯಾರಾಗಬೇಕು, ಮಿರಗದಲ್ಲಿ ಮೊದಲ ಬೀಜ ಬೀಳಬೇಕು. ನಿಜವಾದ ಸುಗ್ಗಿ ಚಿತ್ತಿ ಮಳೆಯಿಂದ ಶಿವರಾತ್ರಿವರೆಗೆ. ಅಲ್ಲಿಂದ ಮುಂದೆ ಹೊಸದಾಗಿ ಬೆಳೆಯುವ ಆಸೆ ಬಿಟ್ಟು, ಇದ್ದ ಗಿಡ ಉಳಿಸಿಕೊಳ್ಳುವುದೇ ಕೆಲಸ.

ಮೊದಲು ಮಣ್ಣಿನ ಮಾತು. ಇಲ್ಲಿಯದು ಬಹುಪಾಲು ಎರೆ. ಅದರ ಜೇಡಿಯ ಕಣಗಳು ಪದರಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕರೆ ಹಿಗ್ಗುತ್ತವೆ, ನೀರು ಹೋದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದೂ, ಮಳೆಗಾಲದಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಅಂಟುವುದೂ ಇದರಿಂದಲೇ. ತೊಗರಿ, ಜೋಳಕ್ಕೆ ಈ ಮಣ್ಣು ವರ: ಆಳದಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಹಿಂಗಾರಿ ಜೋಳ ಬೆಳೆಯುತ್ತದೆ. ಆದರೆ ಹಿತ್ತಲಿನ ಸೊಪ್ಪು, ತರಕಾರಿಯ ಬೇರು ಮೇಲ್ಮೇಲೇ ಇರುತ್ತದೆ. ಎರಡು ದಿನ ನೀರು ನಿಂತರೆ ಮಣ್ಣಿನೊಳಗಿನ ಗಾಳಿ ಹೋಗಿ ಬೇರು ಉಸಿರುಗಟ್ಟುತ್ತದೆ, ಗಿಡ ಬಾಡುತ್ತದೆ. ಬಾಡಿದ್ದು ಕಂಡು ಮತ್ತೆ ನೀರು ಹಾಕುವವರೇ ಹೆಚ್ಚು.

ಮಡಿಯನ್ನು ನೆಲಕ್ಕಿಂತ ಒಂದು ಗೇಣಾದರೂ ಏರಿಸಿ ಮಾಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಕಾಲುವೆ ಬಿಡಿ. ಎರೆ ಸಡಿಲಾಗಲಿ ಎಂದು ಉಸುಕು ಬೆರೆಸುವುದುಂಟು. ಸ್ವಲ್ಪ ಉಸುಕಿನಿಂದ ಏನೂ ಆಗುವುದಿಲ್ಲ, ಮಣ್ಣು ಇನ್ನಷ್ಟು ಗಟ್ಟಿಯಾದರೂ ಆದೀತು. ಎರೆಯನ್ನು ಬಿಡಿಬಿಡಿ ಮಾಡುವುದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಅದನ್ನು ಪ್ರತಿವರ್ಷ ಹಾಕಬೇಕು, ಏಕೆಂದರೆ ಇಲ್ಲಿಯ ಬಿಸಿಲಿಗೆ ಗೊಬ್ಬರ ಬೇಗ ಕರಗುತ್ತದೆ. ಕುಂಡಕ್ಕೆ ಬರೀ ಎರೆ ತುಂಬಲೇಬೇಡಿ. ಒಂದು ಪಾಲು ಎರೆ, ಒಂದು ಪಾಲು ಸಾಣಿಸಿದ ಮುರುಮ ಇಲ್ಲವೇ ಕೆಂಪು ಮಣ್ಣು, ಒಂದು ಪಾಲು ಗೊಬ್ಬರ ಸಾಕು.

ಸಲಿಕೆ ಹಾಕುವ ಹೊತ್ತೂ ಮುಖ್ಯ. ಹಸಿ ಎರೆ ಅಗೆದರೆ ಒಣಗಿದ ಮೇಲೆ ಇಟ್ಟಂಗಿಯಂಥ ಹೆಂಟೆ ಉಳಿಯುತ್ತವೆ. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿ ಹೆಬ್ಬೆರಳಿನಿಂದ ತಿವಿಯಿರಿ. ಉದುರಿ ಪುಡಿಯಾದರೆ ಹದ ಬಂದಿದೆ. ಬೆರಳಿಗೆ ಅಂಟಿ ಮೆತ್ತಗೆ ತಗ್ಗು ಬಿದ್ದರೆ ಇನ್ನೆರಡು ದಿನ ತಡೆಯಿರಿ. ಈ ಹದ ಬಹಳ ದಿನ ಇರುವುದಿಲ್ಲ, ಕಂಡ ದಿನವೇ ಕೆಲಸ ಮುಗಿಸಬೇಕು.

ಜೂನ್ 7-8ರ ಸುಮಾರಿಗೆ ಮಿರಗ ಕೂಡುತ್ತದೆ. ಒಂದು ಮಳೆಗೆ ಮರುಳಾಗಬೇಡಿ. ನೆಲ ಗೇಣು ಆಳ ನೆನೆದ ಮೇಲೆ ಬೆಂಡೆ, ಚವಳಿ, ಹೀರೆ, ಹಾಗಲ, ಸೌತೆ ಊರಬಹುದು. ಬದನೆ, ಮೆಣಸಿನಕಾಯಿಗೆ ಮೊದಲು ಟ್ರೇಯಲ್ಲಿ ಅಗಿ ಮಾಡಿಕೊಂಡು ಆರಿದ್ರದಲ್ಲಿ ಹಚ್ಚಬೇಕು. ಪುಂಡಿಯನ್ನಂತೂ ಯಾರೂ ಬಿಡಬೇಡಿ. ನಮ್ಮ ಊಟದ ಗುರುತಾದ ಈ ಸೊಪ್ಪಿಗೆ ಎರೆಯೂ ಸೈ, ಮಳೆಯ ಬಿಡುವೂ ಸೈ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಬಳ್ಳಿಗಳಿಗೆ ಹಂದರ ಹಾಕಲು ಕಬ್ಬಿಣದ ಜಾಳಿಗೆ ಕೊಳ್ಳುವ ಅಗತ್ಯವಿಲ್ಲ. ರಾಶಿ ಮುಗಿದ ಹೊಲಗಳಲ್ಲಿ ಸಿಗುವ ತೊಗರಿ ಕಟ್ಟಿಗೆ ಒಂದು ಹಂಗಾಮಿಗೆ ಚೆನ್ನಾಗಿ ತಾಳುತ್ತದೆ, ಕಬ್ಬಿಣದ ಹಾಗೆ ಕಾದು ಎಳೆ ಬಳ್ಳಿಯನ್ನು ಸುಡುವುದೂ ಇಲ್ಲ.

ಕಲಬುರಗಿಯ ಮಳೆ ವರ್ಷಕ್ಕೆ ಸರಾಸರಿ 750 ಮಿ.ಮೀ. ಆಸುಪಾಸು, ಅದರಲ್ಲಿ ಸೆಪ್ಟೆಂಬರಿನ ಪಾಲು ದೊಡ್ಡದು. ನಡುವೆ ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಮುಗಿಲು ಮುಚ್ಚಿದ್ದರೂ ಹನಿ ಬೀಳದ ದಿನಗಳಿರುತ್ತವೆ. ಮಳೆಗಾಲವೆಂದು ಆಗ ನೀರು ಮರೆತರೆ ಹೀರೆ, ಸೌತೆ ಕಹಿಯಾಗುತ್ತವೆ. ಬೆಂಡೆಯ ಎಲೆಯಲ್ಲಿ ನರಗಳೆಲ್ಲ ಹಳದಿ ಬಲೆಯಾಗಿ ಕಂಡರೆ ಅದು ಬಿಳಿ ನೊಣ ಹರಡುವ ನಂಜು ರೋಗ, ಔಷಧವಿಲ್ಲ. ಆ ಗಿಡ ಕಿತ್ತು ಹೊರಗೆ ಹಾಕಿ, ಉಳಿದವಕ್ಕೆ ಬೇವಿನೆಣ್ಣೆ ಸಿಂಪಡಿಸಿ. ಒಂದು ಗಿಡದ ಮೇಲಿನ ಮೋಹಕ್ಕೆ ಇಡೀ ಸಾಲು ಕಳೆದುಕೊಳ್ಳಬಾರದು.

ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ 11ರ ಸುಮಾರಿಗೆ ಚಿತ್ತಿ. ಇನ್ನು ಮೆಂತ್ಯೆ, ಕೊತ್ತಂಬರಿ, ಪಾಲಕ, ಸಬ್ಬಸಿಗೆ, ಮೂಲಂಗಿ, ಉಳ್ಳಾಗಡ್ಡಿ, ಟೊಮೆಟೊ, ಹೂಕೋಸಿನ ಕಾಲ. ಜಾಗ ಕಡಿಮೆ ಇದ್ದವರು ಮಳೆಗಾಲ ಬಿಟ್ಟರೂ ಪರವಾಗಿಲ್ಲ, ಈ ನಾಲ್ಕು ತಿಂಗಳು ಬಿಡಬೇಡಿ. ಕೊತ್ತಂಬರಿ ಬೀಜವೆಂದು ನಾವು ಕರೆಯುವುದು ನಿಜದಲ್ಲಿ ಕಾಯಿ, ಒಳಗೆ ಎರಡು ಬೀಜಗಳಿವೆ. ನೆಲದ ಮೇಲೆ ಹರವಿ ಅಂಗೈಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಇಡೀ ಮಡಿ ಒಮ್ಮೆಗೇ ಬಿತ್ತದೆ ಹತ್ತು-ಹನ್ನೆರಡು ದಿನಕ್ಕೊಂದು ಪಟ್ಟಿ ಬಿತ್ತಿ. ಗಜ್ಜರಿಗೆ ಮಾತ್ರ ಆಳದವರೆಗೆ ಸಡಿಲ ಮಣ್ಣು ಬೇಕು. ಹೆಂಟೆ ಅಡ್ಡ ಬಂದರೆ ಗಡ್ಡೆ ಕವಲಾಗುತ್ತದೆ. ಅದನ್ನು ಎತ್ತರದ ಕುಂಡದಲ್ಲಿ ಬೆಳೆಯುವುದೇ ಲೇಸು.

ಕುಂಡದಲ್ಲಿ ಕಡಲೆ ಬಿತ್ತಿ ನೋಡಿ. ತಿಂಗಳಾದ ಗಿಡದ ಕುಡಿ ಬೆಳಿಗ್ಗೆ ಚಿವುಟುವಾಗ ಬೆರಳಿಗೆ ಹುಳಿ ಅಂಟುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳಿಂದ ಒಸರುವ ಆಮ್ಲ ಅದು. ಕಡಲೆ ಪಲ್ಯಕ್ಕೆ ರುಚಿ ಕೊಡುವುದೂ ಅದೇ. ಕುಡಿ ಹೋದಲ್ಲಿ ಪಕ್ಕದ ಕವಲು ಚಿಗುರುತ್ತವೆ, ಕವಲು ಹೆಚ್ಚಿದಷ್ಟು ಕಾಯಿಯೂ ಹೆಚ್ಚು. ಹೂವು ಬಂದ ಮೇಲೆ ಚಿವುಟಬಾರದು.

ಎಳ್ಳ ಅಮಾಸಿಗೆ ಭಜ್ಜಿಯ ಪಲ್ಯಗಳು ಸ್ವಂತ ಹಿತ್ತಲಿನವೇ ಆಗಬೇಕೆಂದರೆ ಲೆಕ್ಕ ಹಿಂದಿನಿಂದ ಹಾಕಿ. ಮೆಂತ್ಯೆಗೆ 25-30 ದಿನ, ಮೂಲಂಗಿಗೆ 40-45 ದಿನ, ಬದನೆ ಅಗಿ ಹಚ್ಚಿದ ಮೇಲೆ ಎರಡು ತಿಂಗಳು. ಅಮಾವಾಸ್ಯೆ ಡಿಸೆಂಬರ್ ಕೊನೆಗೆ ಬಂದರೆ ಬದನೆ ಅಕ್ಟೋಬರ್ ಮಧ್ಯಕ್ಕೇ ಮಡಿಯಲ್ಲಿರಬೇಕು.

ಇಲ್ಲಿಯ ತೋಟಗಳಲ್ಲಿ ಪದೇಪದೇ ಕಾಣುವ ಇನ್ನೊಂದು ತೊಂದರೆ: ಗುಲಾಬಿ, ದಾಸವಾಳ, ಲಿಂಬೆಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದು. ಶಹಾಬಾದ್ ಕಲ್ಲಿನ ಈ ಸೀಮೆಯಲ್ಲಿ ನೆಲದಲ್ಲೇ ಸುಣ್ಣದಂಶ ಹೆಚ್ಚು, ಬೋರ್‌ವೆಲ್ ನೀರೂ ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ಅದರ ಗುರುತು. ಕ್ಷಾರ ಹೆಚ್ಚಾದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಹಾಗಾಗಿ ಎಷ್ಟು ಗೊಬ್ಬರ ಸುರಿದರೂ ಹಳದಿ ಹೋಗದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸ್ವಲ್ಪ ಲಿಂಬೆ ರಸ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ. ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹೊಸ ಎಲೆ ಹಸಿರಾಗಿ ಬರುತ್ತದೆ. ಮಳೆಯ ನೀರು ಡ್ರಮ್ಮಿನಲ್ಲಿ ಹಿಡಿದು ಕುಂಡಗಳಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಜಿಪ್ಸಂ ಹಾಕಿ ಎಂದು ಯಾರಾದರೂ ಹೇಳಿದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸೋಡಿಯಂ ಹೆಚ್ಚಿದ್ದ ನೆಲಕ್ಕಷ್ಟೇ ಅದು ಉಪಯೋಗ. ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು.

ಮಾರ್ಚ್‌ನಲ್ಲಿ ಕೊತ್ತಂಬರಿ ಹೂ ಬಿಟ್ಟಿತೆಂದರೆ ಸುಗ್ಗಿ ಮುಗಿಯಿತು. ಖಾಲಿ ಮಡಿಯನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಡಿ. ಕರಿ ಹಾಳೆ ಬೇಡ, ಅದು ಬಿಸಿಲನ್ನು ತಾನೇ ಹೀರುತ್ತದೆ. ಒಳಗೆ ಹಬೆಗಟ್ಟಿದ ಮಣ್ಣಿನ ಕಾವಿಗೆ ಕಳೆಯ ಬೀಜ, ರೋಗದ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ನಮ್ಮ ಬಿಸಿಲಿನಿಂದ ಆಗುವ ದೊಡ್ಡ ಉಪಕಾರವಿದು, ಸುಮ್ಮನೆ ಬಿಡಬಾರದು.

ಉಳಿದ ಗಿಡಗಳ ಬುಡಕ್ಕೆ ಒಣ ಎಲೆ, ಜೋಳದ ಕಣಿಕೆಯ ತುಂಡು ಮೂರು ಬೆರಳು ದಪ್ಪ ಹಾಸಿ. ಎರೆ ಬಿರಿಯದಂತೆ ಕಾಯುವುದೇ ಈ ಹಾಸಿಗೆಯ ಮುಖ್ಯ ಕೆಲಸ, ಏಕೆಂದರೆ ಬಿರುಕು ಎಳೆ ಬೇರುಗಳನ್ನು ಹರಿದುಹಾಕುತ್ತದೆ. ಮಾಳಿಗೆಯ ಮೇಲೆ ಪರಸಿ ಹಾಸಿದ್ದರೆ ಕುಂಡಗಳನ್ನು ಇಟ್ಟಂಗಿ ಇಟ್ಟು ಎತ್ತರಿಸಿ, ಪಡುವಲ ಬಿಸಿಲಿಗೆ 50 ಪ್ರತಿಶತದ ನೆರಳು ಪರದೆ ಕಟ್ಟಿ. ನೀರು ಬೆಳಗಿನ ಜಾವ ಹಾಕಿ. ಕರಿಬೇವು, ನುಗ್ಗೆ ತಾವೇ ಬದುಕಿಕೊಳ್ಳುತ್ತವೆ. ರಾಜಗಿರಿಯನ್ನು ನೆರಳಲ್ಲಿ ಬಿತ್ತಿದರೆ ಬೇಸಿಗೆಯಲ್ಲೂ ಒಂದಿಷ್ಟು ಸೊಪ್ಪು ಸಿಗುತ್ತದೆ.

ಕಮಲಾಪುರದ ಕೆಂಪು ಬಾಳೆ ನಮ್ಮ ಹಿತ್ತಲಲ್ಲಿ ಬರುತ್ತದೆಯೇ ಎಂದು ಕೇಳುವವರು ಬಹಳ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು. ಊರು ಹುಮನಾಬಾದ ರಸ್ತೆಯಲ್ಲಿ ಇಲ್ಲಿಂದ ಗಂಟೆಯ ದಾರಿ. ಬೆಳೆಯಬಹುದು, ಆದರೆ ಬೇರೆ ಬಾಳೆಗಿಂತ ಗೊನೆ ತಡ, ವರ್ಷ ದಾಟಿ ಕಾಯಬೇಕು. ಆ ನಡುವಿನ ಬೇಸಿಗೆಗೆ ನೀರಿನ ಭರವಸೆ ಇದ್ದವರಷ್ಟೇ ಕೈ ಹಾಕಲಿ. ಬಚ್ಚಲ ನೀರು ಹರಿಯುವ ಕಡೆ, ಗಾಳಿಗೆ ಗೋಡೆಯ ಮರೆ ಇದ್ದಲ್ಲಿ, ಏರಿಸಿದ ಗುಣಿಯಲ್ಲಿ ಜೂನ್‌ನಲ್ಲಿ ನೆಡಿ. ಅಗಲ ಎಲೆಯ ಮರಿ ಬೇಡ, ಕತ್ತಿಯಂತೆ ಚೂಪು ಎಲೆಯಿರುವ ಕಂದು ಆರಿಸಿ. ತಾಯಿ ಗೆಡ್ಡೆಗೆ ಬಲವಾಗಿ ಅಂಟಿಕೊಂಡು ಬೆಳೆದದ್ದು ಅದೇ. ತಾಯಿ ಗಿಡದ ಎಲೆಗಳು ತುದಿಯಲ್ಲಿ ಗಿಡ್ಡಾಗಿ ಗುಚ್ಛ ಕಟ್ಟಿದ್ದರೆ ಅದಕ್ಕೆ ನಂಜು ರೋಗ ತಗುಲಿದೆ, ಪುಕ್ಕಟೆ ಕೊಟ್ಟರೂ ಅಲ್ಲಿಂದ ಕಂದು ತರಬೇಡಿ.