ವಿಮಾನಯಾನದ ಪೂರ್ವಯೋಜನೆಯೂ ಕೈಗಣಕವೂ

ರೈಲುಗಾಡಿಗೆ ಹಳಿಯುಂಟು, ಮೋಟಾರಿಗೆ ರಸ್ತೆಯುಂಟು. ದಾರಿ ತಪ್ಪಿದರೆ ನಿಂತು ವಿಚಾರಿಸುವ ಅನುಕೂಲವೂ ಉಂಟು. ವಿಮಾನಕ್ಕೆ ಈ ಮೂರೂ ಇಲ್ಲ. ಯಾವ ದಿಕ್ಕಿಗೆ ಮೂತಿಯನ್ನಿಡಬೇಕು, ಎಷ್ಟು ಹೊತ್ತು ಹಾರಬೇಕು, ಎಷ್ಟು ಇಂಧನ ತುಂಬಿಸಬೇಕು, ಇಳಿಯಬೇಕಾದ ನೆಲ ಮಳೆಯಿಂದಲೋ ಮಂಜಿನಿಂದಲೋ ಮುಚ್ಚಿಹೋದರೆ ಮತ್ತೆಲ್ಲಿಗೆ ತಿರುಗಬೇಕು ಎಂಬುದೆಲ್ಲ ಚಕ್ರ ನೆಲವನ್ನು ಬಿಡುವ ಮೊದಲೇ ನಿಶ್ಚಯವಾಗಿರಬೇಕು. ದೊಡ್ಡ ಕಂಪೆನಿಗಳ ವಿಮಾನಗಳಿಗೆ ಈ ಲೆಕ್ಕವನ್ನು ನೆಲದ ಮೇಲಿನ ಕಚೇರಿಯೇ ಸಿದ್ಧಪಡಿಸಿ ಕೊಡುತ್ತದೆ. ಒಂದೇ ಎಂಜಿನ್ನಿನ ಸಣ್ಣ ವಿಮಾನವನ್ನು ತರಬೇತಿಗಾಗಿಯೋ ಸ್ವಂತ ಸಂತೋಷಕ್ಕಾಗಿಯೋ ಹಾರಿಸುವವನು ಅದನ್ನು ತಾನೇ ಮಾಡಿಕೊಳ್ಳಬೇಕು. ಹಿಂದೆ ಒಂದು ಗಂಟೆಯ ಬರವಣಿಗೆಯನ್ನು ಬೇಡುತ್ತಿದ್ದ ಈ ಕೆಲಸ ಇಂದು ಅಂಗೈಯಲ್ಲಿ ಹಿಡಿಸುವ ಫೋನಿನಲ್ಲಿ, ತೊಡೆಗೆ ಕಟ್ಟಿಕೊಳ್ಳುವ ಟ್ಯಾಬ್ಲೆಟ್ಟಿನಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಆ ಯಂತ್ರದೊಳಗೆ ನಡೆಯುವುದೇನು, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬ ವಿಚಾರವನ್ನು ಹೈದರಾಬಾದಿನ ಕನ್ನಡಿಗರಿಗೆ ಚಿರಪರಿಚಿತವಾದ ದಾರಿಯೊಂದನ್ನು ಹಿಡಿದೇ ನೋಡಬಹುದಾಗಿದೆ.

ನಾರಾಯಣಗೂಡಕ್ಕೂ ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೂ ನೇರ ದೂರ ಏಳು ಕಿಲೋಮೀಟರಿಗಿಂತ ಕಡಿಮೆ, ನಡುವೆ ಹುಸೇನಸಾಗರ. ನಿಜಾಮರ ಕಾಲದಲ್ಲಿ, 1930ರ ದಶಕದಲ್ಲಿ, ಹೈದರಾಬಾದು ಏರೋ ಕ್ಲಬ್ಬಿನೊಂದಿಗೆ ಬೆಳೆದ ನಿಲ್ದಾಣವದು. 1945ರಲ್ಲಿ ಹುಟ್ಟಿ 1953ರ ರಾಷ್ಟ್ರೀಕರಣದಲ್ಲಿ ಇಂಡಿಯನ್ ಏರ್‌ಲೈನ್ಸಿನೊಳಗೆ ಲೀನವಾದ ಡೆಕ್ಕನ್ ಏರ್‌ವೇಸಿಗೂ ಅದೇ ಮನೆ. 2008ರ ಮಾರ್ಚಿಯಲ್ಲಿ ಶಂಶಾಬಾದಿನ ಹೊಸ ನಿಲ್ದಾಣ ತೆರೆದ ಮೇಲೆ ಸಾರ್ವಜನಿಕ ಪ್ರಯಾಣದ ವಿಮಾನಗಳು ಅಲ್ಲಿಗೆ ಹೋದವು. ಬೇಗಂಪೇಟೆಯಲ್ಲಿ ಉಳಿದವು ವಾಯುಪಡೆ, ಗಣ್ಯರ ವಿಮಾನಗಳು ಮತ್ತು ತರಬೇತಿ. ಪಶ್ಚಿಮಕ್ಕೆ, 1956ರವರೆಗೆ ಇದೇ ಹೈದರಾಬಾದು ಸಂಸ್ಥಾನದ ಊರಾಗಿದ್ದ ಕಲಬುರಗಿಯಲ್ಲಿ 2019ರ ನವೆಂಬರಿನಿಂದ ವಿಮಾನ ನಿಲ್ದಾಣವಿದೆ. ಅಲ್ಲಿಯೂ ಹಾರಾಟದ ಶಿಕ್ಷಣ ನಡೆಯುತ್ತದೆ. ವಾಡಿಯ ಮಾರ್ಗವಾಗಿ ರೈಲಿನಲ್ಲಿ ಬಂದು ಈ ನಗರದಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಎರಡು ಊರುಗಳ ನಡುವಣ ನೆಲ ಅಪರಿಚಿತವಲ್ಲ.

ಬೇಗಂಪೇಟೆಯಿಂದ ಕಲಬುರಗಿ ನಿಲ್ದಾಣಕ್ಕೆ ಅಕ್ಷಾಂಶ ರೇಖಾಂಶಗಳಿಂದ ಲೆಕ್ಕ ಹಾಕಿದರೆ ದೂರ ಸುಮಾರು 87 ನಾವಿಕ ಮೈಲಿ, ಎಂದರೆ 161 ಕಿಲೋಮೀಟರು. ದಿಕ್ಕು 264 ಅಂಶ. ನೇರ ಪಶ್ಚಿಮಕ್ಕಿಂತ ತುಸು ದಕ್ಷಿಣಕ್ಕೆ ವಾಲಿದ್ದು. ದಿಕ್ಸೂಚಿಯ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕೆ ಸೇರಿಸಬೇಕು. ದಖ್ಖನದಲ್ಲಿ ಅದು ಒಂದು ಅಂಶದ ಆಸುಪಾಸಿನಲ್ಲಿರುವುದರಿಂದ ಇಲ್ಲಿ ಬಿಟ್ಟುಬಿಡಬಹುದು. ಸೆಸ್ನಾ 172 ಜಾತಿಯ ವಿಮಾನ ಗಾಳಿಯಲ್ಲಿ ಗಂಟೆಗೆ 100 ನಾವಿಕ ಮೈಲಿ ಸಾಗುತ್ತದೆಂದೂ ಗಂಟೆಗೆ 32 ಲೀಟರು ಇಂಧನ ಕುಡಿಯುತ್ತದೆಂದೂ ಇಟ್ಟುಕೊಂಡರೆ, ಗಾಳಿಯಿಲ್ಲದ ದಿನ 52 ನಿಮಿಷದ ಪ್ರಯಾಣ, 28 ಲೀಟರಿನ ಖರ್ಚು. ಇಷ್ಟು ಹೈಸ್ಕೂಲಿನ ಹುಡುಗನ ಲೆಕ್ಕ.

ಗಾಳಿಯಿಲ್ಲದ ದಿನವೇ ಇಲ್ಲವೆಂಬುದರಲ್ಲಿ ವೈಮಾನಿಕನ ಲೆಕ್ಕ ಆರಂಭವಾಗುತ್ತದೆ. ವಿಮಾನ ಹಾರುವುದು ನೆಲದ ಮೇಲಲ್ಲ, ಚಲಿಸುತ್ತಿರುವ ಗಾಳಿಯ ಒಳಗೆ. ತುಂಬಿದ ಭೀಮೆಯನ್ನು ದಾಟುವ ಅಂಬಿಗ ಎದುರು ದಡದ ಗುಡಿಗೆ ಸೇರಬೇಕಾದರೆ ದೋಣಿಯ ಮೂತಿಯನ್ನು ಗುಡಿಗಿಂತ ಮೇಲಕ್ಕೆ ಹಿಡಿಯುತ್ತಾನೆ; ಎಷ್ಟು ಮೇಲಕ್ಕೆಂಬುದನ್ನು ಅವನ ಕಣ್ಣೇ ಹೇಳುತ್ತದೆ. ವೈಮಾನಿಕನಿಗೆ ಅದನ್ನು ತ್ರಿಕೋನ ಹೇಳಬೇಕು. ಮುಂಗಾರಿನ ಒಂದು ದಿನ 300 ಅಂಶದ ಕಡೆಯಿಂದ ಗಂಟೆಗೆ 20 ನಾವಿಕ ಮೈಲಿಯ ಗಾಳಿ ಬೀಸುತ್ತಿದೆಯೆಂದು ಭಾವಿಸಿದರೆ, ಕಲಬುರಗಿಯ ದಾರಿಗೂ ಆ ಗಾಳಿಗೂ ನಡುವೆ 36 ಅಂಶದ ಕೋನ. ಗಾಳಿಯ 12 ಭಾಗ ಅಡ್ಡಲಾಗಿ ತಳ್ಳುತ್ತದೆ, 16 ಭಾಗ ಎದುರಾಗಿ ತಡೆಯುತ್ತದೆ. ಮೂತಿಯನ್ನು ಏಳು ಅಂಶ ಬಲಕ್ಕೆ, 271ಕ್ಕೆ ಹಿಡಿದರೆ ಮಾತ್ರ ವಿಮಾನ 264ರ ದಾರಿಯಲ್ಲಿ ಸಾಗುತ್ತದೆ. ನೆಲದ ಮೇಲಿನ ವೇಗ 83ಕ್ಕೆ ಇಳಿಯುತ್ತದೆ. 52 ನಿಮಿಷ 63 ಆಗುತ್ತದೆ, 28 ಲೀಟರು 34ರ ಹತ್ತಿರಕ್ಕೆ ಏರುತ್ತದೆ. ಹಿಂತಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದು 45 ನಿಮಿಷದಲ್ಲಿ ಮನೆ ಸೇರಿಸುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಕ್ಕಲಿಲ್ಲವೆಂಬುದನ್ನು ಗಮನಿಸಬೇಕು: ಗಾಳಿಯಿಲ್ಲದಿದ್ದರೆ ಎರಡು ಕಡೆಯ ಪ್ರಯಾಣಕ್ಕೆ 104 ನಿಮಿಷ, ಈಗ 108. ಗಾಳಿಯೊಡನೆ ಮಾಡುವ ವ್ಯಾಪಾರದಲ್ಲಿ ಬಡ್ಡಿ ಯಾವಾಗಲೂ ವೈಮಾನಿಕನೇ ತೆರಬೇಕು.

ಈ ತಿದ್ದುಪಡಿಯನ್ನು ಮರೆತವನ ಗತಿಯೇನು? ಒಂದು ಗಂಟೆಯಲ್ಲಿ ಅವನು ಸುಮಾರು 22 ಕಿಲೋಮೀಟರು ದಕ್ಷಿಣಕ್ಕೆ ಸರಿದಿರುತ್ತಾನೆ. ಕಲಬುರಗಿಯ ಓಡುದಾರಿ ಕಾಣಬೇಕಾದ ಹೊತ್ತಿಗೆ ಅವನ ಕೆಳಗೆ ಶಹಾಬಾದಿನ ಹಾಸುಗಲ್ಲಿನ ಗಣಿಗಳಿರುತ್ತವೆ. ನೆಲವನ್ನು ಬಲ್ಲವನಾದರೆ ಅಷ್ಟರಲ್ಲಿ ಎಚ್ಚರಗೊಂಡಿರುತ್ತಾನೆ. ಏಕೆಂದರೆ ಸರಿಯಾದ ದಾರಿಯಲ್ಲಿ ಹೋಗುವವನಿಗೆ ಗಂಡಿಪೇಟೆಯ ಕೆರೆ, ವಿಕಾರಾಬಾದು, ತಾಂಡೂರು, ಸೇಡಂ ಎಲ್ಲವೂ ಎಡಗಡೆಗೇ ಬರಬೇಕು, ವಿಕಾರಾಬಾದಿನಿಂದ ಮುಂದೆ ವಾಡಿಯ ರೈಲುಹಳಿ ಎಡಗಡೆಗೇ ಇರಬೇಕು. ಕಾಗಿಣಾ ನದಿಯ ದಡದ ಮಳಖೇಡ, ನೃಪತುಂಗನ ಮಾನ್ಯಖೇಟ, ಎಡಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿ ಸರಿದುಹೋಗಬೇಕು. ಆ ಹಳಿ ರೆಕ್ಕೆಯ ಕೆಳಗೆ ಬಂದು ಬಲಕ್ಕೆ ದಾಟಿತೆಂದರೆ ಲೆಕ್ಕ ತಪ್ಪಿದೆಯೆಂದೇ ಅರ್ಥ.

ಮೊದಲ ತಲೆಮಾರಿನವರು ಹಾರಿದ್ದು ಹೀಗೆಯೇ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ತಂದ ಅಂಚೆಯನ್ನು ಅಲ್ಲಿಂದ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದನು. ಅವರ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಭೂಪಟ, ದಿಕ್ಸೂಚಿ, ಗಡಿಯಾರ, ಕಣ್ಣು ಇಷ್ಟೇ ಉಪಕರಣ. ಅದೇ ದಶಕದಲ್ಲಿ ಅಮೆರಿಕದ ಫಿಲಿಪ್ ಡಾಲ್ಟನ್ ಎಂಬಾತ ಗಾಳಿಯ ತ್ರಿಕೋನವನ್ನು ತಿರುಗುವ ಬಿಲ್ಲೆಯ ಮೇಲೆ ಬಿಡಿಸುವ ಕೈಗಣಕವೊಂದನ್ನು ರೂಪಿಸಿದನು. ಇ-6ಬಿ ಎಂದು ಹೆಸರಾದ ಆ ಬಿಲ್ಲೆ ಇಂದಿಗೂ ವಿದ್ಯಾರ್ಥಿಗಳ ಚೀಲದಲ್ಲಿದೆ. ಡಾಲ್ಟನ್ ಮಾತ್ರ 1941ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡನು. ಅಂಚೆಯ ವಿಮಾನ ನಡೆಸುತ್ತಿದ್ದ ಎಲ್ರಿ ಜೆಪ್ಪೆಸೆನ್ ಓಡುದಾರಿಗಳ ಉದ್ದ, ಗುಡ್ಡಗಳ ಎತ್ತರ, ಅಡ್ಡಬರುವ ಕಂಬಗಳು ಮುಂತಾದ್ದನ್ನು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡು, 1934ರಿಂದ ಅದರ ಪ್ರತಿಗಳನ್ನು ಹತ್ತು ಡಾಲರಿಗೆ ಮಾರತೊಡಗಿದನು. ಇಂದಿನ ಕೈಗಣಕದ ತಂತ್ರಾಂಶಕ್ಕೆ ಈ ಇಬ್ಬರೇ ಪಿತಾಮಹರೆನ್ನಬೇಕು: ಒಬ್ಬನದು ಲೆಕ್ಕ, ಇನ್ನೊಬ್ಬನದು ಮಾಹಿತಿ.

ಎರಡನ್ನೂ ಒಂದೇ ಪರದೆಗೆ ತಂದದ್ದು ಉಪಗ್ರಹ. ಅಮೆರಿಕದ ಜಿ.ಪಿ.ಎಸ್. ಸಂಕೇತವನ್ನು ನಾಗರಿಕರಿಗಾಗಿ ಬೇಕೆಂದೇ ಮಸುಕುಗೊಳಿಸುವ ಪದ್ಧತಿ 2000ದ ಮೇ ತಿಂಗಳಲ್ಲಿ ನಿಂತಿತು. 2007ರಲ್ಲಿ ಫೋರ್‌ಫ್ಲೈಟ್ ಸಂಸ್ಥೆ ಹುಟ್ಟಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಅದು ಅಮೆರಿಕದ ಖಾಸಗಿ ಚಾಲಕರಲ್ಲಿ ಮನೆಮಾತಾಯಿತು. ಬ್ರಿಟನ್ನಿನಲ್ಲಿ ಸ್ಕೈಡೆಮನ್, ಆಸ್ಟ್ರೇಲಿಯದಲ್ಲಿ ಓಝ್‌ರನ್‌ವೇಸ್ ಇದೇ ಬಗೆಯವು. ಜೆಪ್ಪೆಸೆನ್ನನ ಕಂಪೆನಿಯೂ ಫೋರ್‌ಫ್ಲೈಟೂ ಕಾಲಕ್ರಮದಲ್ಲಿ ಬೋಯಿಂಗಿನ ಕೈಸೇರಿ, 2025ರಲ್ಲಿ ಒಟ್ಟಿಗೇ ಬೇರೊಂದು ಹಣಹೂಡಿಕೆ ಸಂಸ್ಥೆಗೆ ಮಾರಾಟವಾದವು. ಚಾಲಕ ಪರದೆಯ ಮೇಲೆ ಹೊರಡುವ ಊರು, ಸೇರುವ ಊರುಗಳನ್ನು ಬೆರಳಿನಿಂದ ಮುಟ್ಟುತ್ತಾನೆ. ಯಂತ್ರ ಹವಾಮಾನ ಇಲಾಖೆಗಳ ಗಾಳಿಯ ಮುನ್ಸೂಚನೆಯನ್ನು ತರಿಸಿಕೊಂಡು ಪ್ರತಿಯೊಂದು ತುಂಡಿಗೂ ತ್ರಿಕೋನವನ್ನು ಬಿಡಿಸಿ, ಸಮಯ ಇಂಧನಗಳನ್ನು ಕೂಡಿಸಿ ತೋರಿಸುತ್ತದೆ. ತೂಕ ಹೆಚ್ಚಾದರೆ ಎಚ್ಚರಿಸುತ್ತದೆ. ಹಾರುವಾಗ ಭೂಪಟದ ಮೇಲೆ ವಿಮಾನದ ಚಿತ್ರವನ್ನು ಸರಿಸುತ್ತ ಹೋಗುತ್ತದೆ.

ಅದು ಎಣಿಕೆಯಲ್ಲಿ ತಪ್ಪುವುದಿಲ್ಲ. ತಪ್ಪುವುದು ಅದರ ತಿಳಿವಳಿಕೆಯಲ್ಲಿ. ವಿಮಾನಯಾನದ ಮಾಹಿತಿ ಜಗತ್ತಿನಾದ್ಯಂತ 28 ದಿನಗಳ ಆವರ್ತನದಲ್ಲಿ ಬದಲಾಗುತ್ತದೆ. ಹಿಂದಿನ ಆವರ್ತನದ ಭೂಪಟವನ್ನಿಟ್ಟುಕೊಂಡ ಟ್ಯಾಬ್ಲೆಟ್ಟು ಕಳೆದ ವರ್ಷದ ಪಂಚಾಂಗವಿದ್ದಂತೆ. ಹೆಸರುಗಳ ತೊಡಕೂ ಉಂಟು. ಎಚ್ ವೈ ಡಿ ಎಂಬ ಮೂರಕ್ಷರದ ಸಂಕೇತ 2008ರವರೆಗೆ ಬೇಗಂಪೇಟೆಯನ್ನು ಸೂಚಿಸುತ್ತಿತ್ತು, ಈಗ ಶಂಶಾಬಾದನ್ನು ಸೂಚಿಸುತ್ತದೆ. ಗುಲ್ಬರ್ಗ ಎಂಬ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ಹೆಸರಿನಲ್ಲಿಯೇ ಹುಡುಕುವ ಚಾಲಕನಿಗೆ ಯಂತ್ರ ಬರಿಗೈ ತೋರಿಸಿದರೆ ಆಶ್ಚರ್ಯವಿಲ್ಲ.

ಭಾರತದಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಈ ತಂತ್ರಾಂಶಗಳು ಮುಖ್ಯವಾಗಿ ಅಮೆರಿಕ, ಯುರೋಪು, ಆಸ್ಟ್ರೇಲಿಯಗಳ ಚಾಲಕರನ್ನು ಉದ್ದೇಶಿಸಿದವು. ಅಲ್ಲಿ ಖಾಸಗಿ ಹಾರಾಟ ಮಧ್ಯಮವರ್ಗದ ಹವ್ಯಾಸ. ಇಲ್ಲಿ 17 ವರ್ಷ ತುಂಬಿ, ಕನಿಷ್ಠ 40 ಗಂಟೆ ಹಾರಿ ಖಾಸಗಿ ಪರವಾನಗಿ ಪಡೆಯುವವರಲ್ಲಿ ಹೆಚ್ಚಿನವರು ಅದನ್ನು ಉದ್ಯೋಗದ ಮೆಟ್ಟಿಲೆಂದೇ ಭಾವಿಸುತ್ತಾರೆ. ಭೂಪಟಗಳ ಮೇಲೆ ಬಹುಕಾಲ ಇದ್ದ ನಿರ್ಬಂಧಗಳನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಸಡಿಲಿಸಿತಾದರೂ ಆಕಾಶದ ನಿರ್ಬಂಧಗಳು ಹಾಗೆಯೇ ಇವೆ, ಇರಬೇಕಾದ್ದೂ ಹೌದು. ಹೈದರಾಬಾದಿನ ಉತ್ತರಕ್ಕೆ ಹಕೀಂಪೇಟೆ, ದುಂಡಿಗಲ್ಲುಗಳಲ್ಲಿ, ಕಲಬುರಗಿಯ ದಾರಿಯ ಬಲಗಡೆ ಬೀದರದಲ್ಲಿ ವಾಯುಪಡೆಯ ಶಿಕ್ಷಣ ಕೇಂದ್ರಗಳಿವೆ. ಯಾವ ಯೋಜನೆಯೂ ವಾಯುರಕ್ಷಣೆಯ ಅನುಮತಿಯ ಸಂಖ್ಯೆ ದೊರೆಯದೆ ಪೂರ್ಣವಾಗುವುದಿಲ್ಲ. ಪರದೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಆ ಸಂಖ್ಯೆ ಹುಟ್ಟುವುದಿಲ್ಲ. ವಿದೇಶದ ಚಾಲಕರು ಹವಾಮಾನವನ್ನು ತರಿಸಿಕೊಳ್ಳಲು ಜೇಬಿನಲ್ಲಿಟ್ಟುಕೊಳ್ಳುವ ಉಪಗ್ರಹ ಸಂಪರ್ಕದ ಸಾಧನಗಳನ್ನು ಇಲ್ಲಿ ಪರವಾನಗಿಯಿಲ್ಲದೆ ಒಯ್ಯುವುದೇ ಅಪರಾಧ.

ಬಿಸಿಲಿನ ಪ್ರಶ್ನೆಯನ್ನು ತಂತ್ರಾಂಶ ಬರೆದ ತಂಪು ನಾಡಿನವರು ಅಷ್ಟಾಗಿ ಯೋಚಿಸಿರಲಾರರು. ಐಪ್ಯಾಡನ್ನು 35 ಅಂಶ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಶಾಖದಲ್ಲಿ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ. ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ಹೊರಗೇ 40. ಗಾಜಿನ ಗೂಡಿನಂಥ ವಿಮಾನದೊಳಗೆ ಅದಕ್ಕೂ ಮಿಗಿಲು. ಪರದೆ ಮಸುಕಾಗಿ, ಕಡೆಗೆ ಯಂತ್ರ ತಾನಾಗಿ ಆರಿಹೋಗುತ್ತದೆ. ಭೂಪಟ, ಲೆಕ್ಕ, ಇಳಿದಾಣದ ವಿವರ ಮೂರೂ ಒಟ್ಟಿಗೇ ಕಣ್ಮರೆಯಾಗುತ್ತವೆ. ಕಾಗದದ ಭೂಪಟ ಹರಿದರೂ ಹೀಗೆ ಆರುವುದಿಲ್ಲ. ಅದೇ ಶಾಖ ವಿಮಾನವನ್ನೂ ಕಾಡುತ್ತದೆ. ಬೇಗಂಪೇಟೆ ಸಮುದ್ರಮಟ್ಟದಿಂದ 1,742 ಅಡಿ ಎತ್ತರದಲ್ಲಿದೆ. 40 ಅಂಶದ ಶಾಖದಲ್ಲಿ ಅಲ್ಲಿನ ಗಾಳಿ ತೆಳುವಾಗಿ, ವಿಮಾನ 5,000 ಅಡಿಗೂ ಮೇಲಿನ ಬೆಟ್ಟದಿಂದ ಹೊರಟಂತೆ ವರ್ತಿಸುತ್ತದೆ: ಓಟ ಉದ್ದವಾಗುತ್ತದೆ, ಏರುವ ಶಕ್ತಿ ಕುಗ್ಗುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸುವಲ್ಲಿ ತಂತ್ರಾಂಶದ ಉಪಕಾರ ದೊಡ್ಡದು. ಬೇಸರದ ಕೋಷ್ಟಕಗಳನ್ನು ತಿರುವಲು ಸೋಮಾರಿಯಾದ ಚಾಲಕನೂ ಬೆರಳಾಡಿಸಿ ನೋಡುತ್ತಾನೆ.

ಉಪಗ್ರಹದ ಮೇಲಿನ ಭರವಸೆಯೂ ಈಚೆಗೆ ಸಡಿಲಗೊಂಡಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ಕಟ್ಟಿದ ಗಗನ್ ವ್ಯವಸ್ಥೆ, 2013ರಲ್ಲಿಯೂ 2015ರಲ್ಲಿಯೂ ಪ್ರಮಾಣಪತ್ರ ಪಡೆದು, ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಿಂದ ಜಿ.ಪಿ.ಎಸ್.ನ ಅಲ್ಪಸ್ವಲ್ಪ ತಪ್ಪುಗಳನ್ನು ತಿದ್ದುತ್ತದೆ. ಆದರೆ ಯಾರಾದರೂ ನೆಲದಿಂದ ಬೇಕೆಂದೇ ಸುಳ್ಳು ಸಂಕೇತವನ್ನು ಬಿತ್ತರಿಸಿದರೆ ಕೈಯಲ್ಲಿರುವ ಸಾಮಾನ್ಯ ಟ್ಯಾಬ್ಲೆಟ್ಟಿಗೆ ಅದನ್ನು ಗುರುತಿಸುವ ದಾರಿಯಿಲ್ಲ. ತೋರಿಸಿದ ಜಾಗವನ್ನೇ ಅದು ನಿಜವೆಂದು ನಂಬುತ್ತದೆ. 2023ರ ನವೆಂಬರಿನಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ಈ ಬಗೆಗೆ ಸುತ್ತೋಲೆ ಹೊರಡಿಸಿತು. 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಇಂಥ ಅಡಚಣೆಗಳು ವರದಿಯಾದ ನಿಲ್ದಾಣಗಳನ್ನು ಹೆಸರಿಸುವಾಗ ಹೈದರಾಬಾದೂ ಬೆಂಗಳೂರೂ ಸೇರಿದ್ದವು. ಪರದೆಯ ಮೇಲಿನ ಪುಟ್ಟ ವಿಮಾನ ದಾರಿಯ ನಡುಮಧ್ಯದಲ್ಲಿಯೇ ನಿಂತಿದ್ದು, ಕಿಟಕಿಯಲ್ಲಿ ಮಾತ್ರ ರೈಲುಹಳಿ ಬಲಕ್ಕೆ ದಾಟಿದ್ದರೆ ಚಾಲಕ ಯಾವುದನ್ನು ನಂಬಬೇಕು? ತ್ರಿಕೋನವನ್ನು ಒಮ್ಮೆಯಾದರೂ ಕೈಯಿಂದ ಬಿಡಿಸಿದ್ದವನು ಕಿಟಕಿಯನ್ನು ನಂಬುತ್ತಾನೆ. ಶಿಕ್ಷಣದಲ್ಲಿ ಡಾಲ್ಟನ್ನನ ಬಿಲ್ಲೆಯನ್ನು ಇನ್ನೂ ಬಿಡದಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ.

ಇನ್ನುಳಿದದ್ದು ನೆಲದವರಿಗೆ ಕೊಡುವ ಮಾತು. ಸಲ್ಲಿಸಿದ ಯೋಜನೆಯಲ್ಲಿ ವಿಮಾನದ ಗುರುತು, ಹೊರಡುವ ವೇಳೆ, ದಾರಿ, ಒಟ್ಟು ಪ್ರಯಾಣಕಾಲ, ಇಂಧನ ಎಷ್ಟು ಗಂಟೆಗೆ ಸಾಲುತ್ತದೆ, ಒಳಗೆ ಎಷ್ಟು ಜನರಿದ್ದಾರೆ ಎಂಬುದೆಲ್ಲ ಇರುತ್ತದೆ. ಹೇಳಿದ ವೇಳೆ ಮೀರಿ ಅರ್ಧ ಗಂಟೆಯಾದರೂ ವಿಮಾನ ಬರದಿದ್ದರೆ ಅಂತರರಾಷ್ಟ್ರೀಯ ನಿಯಮದಂತೆ ಅದು ಅನಿಶ್ಚಿತ ಸ್ಥಿತಿಯಲ್ಲಿದೆಯೆಂದು ಎಣಿಸಿ ವಿಚಾರಣೆ ಆರಂಭಿಸುತ್ತಾರೆ; ಸುಳಿವು ಸಿಗದಿದ್ದರೆ ಹುಡುಕಾಟಕ್ಕೆ ಜನ ಹೊರಡುತ್ತಾರೆ. ಎಲ್ಲಿ ಹುಡುಕಬೇಕೆಂಬುದನ್ನು ಅವರಿಗೆ ಮುಖ್ಯವಾಗಿ ಹೇಳುವುದು ಆ ಕಾಗದದ ದಾರಿಯೇ. ಆದುದರಿಂದ ಹಾರುತ್ತಿರುವಾಗ ಪರದೆಯ ಮೇಲೆ ಬೆರಳಾಡಿಸಿ ದಾರಿಯನ್ನು ಬದಲಿಸಿಕೊಂಡವನು ಅದನ್ನು ರೇಡಿಯೋದಲ್ಲಿಯೂ ತಿಳಿಸಬೇಕು. ಟ್ಯಾಬ್ಲೆಟ್ಟಿನಲ್ಲಿ ತಿದ್ದಿದ್ದು ನೆಲದ ಕಚೇರಿಗೆ ತಾನಾಗಿ ತಲುಪುವುದಿಲ್ಲ. ನಿಯಂತ್ರಕರಿಲ್ಲದ ಸಣ್ಣ ನೆಲದಲ್ಲಿ ಇಳಿದಾಗ, ಎಂಜಿನ್ ನಿಲ್ಲಿಸಿದ ಕೂಡಲೆ ಸುಖವಾಗಿ ಬಂದಿಳಿದೆನೆಂದು ಚಾಲಕನೇ ಫೋನು ಮಾಡಿ ಹೇಳಬೇಕು. ಅಲ್ಲಿಗೆ ಯೋಜನೆ ಮುಚ್ಚುತ್ತದೆ.